ಎಂಟು ಕುದುರೆ, ಒಂದು ಕೌದಿ

ನಮ್ಮ ಉಪ್ಪಿನಬೆಟಗೇರಿಗೆ ಯಾರೇ ಹೊಸ ಗಾಡಿ ತರಲಿ, ಕಟ್ಟೆಯ ಮೇಲೆ ಕುಳಿತ ಹಿರಿಯರು ಮೊದಲು ಕೇಳುವುದು ಒಂದೇ ಪ್ರಶ್ನೆ: “ಎವರೇಜ್ ಎಷ್ಟ ಕೊಡತೈತಿ?” ಎಷ್ಟು ರೊಕ್ಕ ಬಿತ್ತು, ಸಾಲ ಯಾವ ಸೊಸೈಟಿಯದು ಎಂಬುದೆಲ್ಲ ಆಮೇಲಿನ ವಿಚಾರಣೆ. ಅರವತ್ತರ ಮೇಲೆ ಹೇಳಿದರೆ ತಲೆದೂಗುತ್ತಾರೆ. ಐವತ್ತೆಂದರೆ “ಇಂಜಿನ್ ಇನ್ನಾ ಬಿಗಿ ಐತಿ, ಸಡ್ಲ ಆಗಲಿ ತಡಿ” ಎಂದು ಸಮಾಧಾನ ಹೇಳುತ್ತಾರೆ. ನಮ್ಮ ಅಣ್ಣನ ಮಗ ಬೆಂಗಳೂರಿನಿಂದ ದೊಡ್ಡದೊಂದು ಮೋಟಾರ್‌ಸೈಕಲ್ ಮೇಲೆ ಬಂದಿಳಿದ ದಿನ ಕಟ್ಟೆಗೆ ಕಟ್ಟೆಯೇ ಎದ್ದು ಹೋಗಿ ಅವನ ಸುತ್ತ ನಿಂತಿತು. ಗಾಡಿಗೆ ಎಡಬಲಕ್ಕೆ ಅಲ್ಯೂಮಿನಿಯಂ ಪೆಟ್ಟಿಗೆ, ಮುಂದೆ ಗಾಜು, ದಾರಿ ತೋರಿಸಲು ಒಂದು ಪುಟ್ಟ ಟಿವಿ. ಹುಡುಗನ ಮೊಣಕಾಲಿಗೆ, ಮೊಣಕೈಗೆ, ಬೆನ್ನಿಗೆ ಕವಚ. ಪ್ರಶ್ನೆ ಬಂತು. “ಇಪ್ಪತ್ತೈದು” ಎಂದ ಅವನು, ಸ್ವಲ್ಪ ಹೆಮ್ಮೆಯಿಂದಲೇ. ಗುಂಪು ಮೌನವಾಯಿತು. ಕೊನೆಗೆ ಒಬ್ಬ ಹಿರಿಯರು ಅವನ ಹೆಗಲ ಮೇಲೆ ಕೈಯಿಟ್ಟು, “ಹೋಗ್ಲಿ ಬಿಡಪಾ ತಮ್ಮಾ. ಮುಂದಿನ ಸಲ ನೋಡಿ ತಗೊಂಡ್ರಾತು” ಎಂದರು.

ಆ ಗಾಡಿ ನಮ್ಮ ಅಂಗಳದಲ್ಲಿದ್ದಷ್ಟು ದಿನ ಮದುವೆಗೆ ಬಂದ ಬೀಗರ ಹಾಗೆ ಇತ್ತು. ಅದಕ್ಕೆ ನೆರಳು ಬೇಕು, ಮಕ್ಕಳು ಮುಟ್ಟಬಾರದು, ಕೋಳಿ ಹತ್ತಬಾರದು, ರಾತ್ರಿ ಅರಿವೆ ಹೊಚ್ಚಬೇಕು. ಅದರ ಪಕ್ಕದಲ್ಲಿ ನನ್ನ ಹಳೆಯ ಸ್ಪ್ಲೆಂಡರ್, ಸೀಟಿನ ಮೇಲೆ ಬೆಕ್ಕನ್ನು ಮಲಗಿಸಿಕೊಂಡು ನಿಂತಿತ್ತು. ನಾನು ಅದರ ಚೈನಿಗೆ ಎಣ್ಣೆ ಬಿಡುತ್ತಿರುವುದನ್ನು ನೋಡಿ ಹುಡುಗ ಕೇಳಿದ.

“ಎಲ್ಲಿಗೆ ಕಾಕಾ?”

“ಉಡುಪಿಗೆ.”

“ಇದರ ಮ್ಯಾಲೆ? ಕಾಕೂನ್ನ ಕೂಡಿಸಿಕೊಂಡು?”

“ಮತ್ತ? ನಿಮ್ಮ ಕಾಕೂನ್ನ ಬಸ್ಸಿನ್ಯಾಗ ಕಳಿಸಿ ನಾ ಒಬ್ಬಾವ ಹೋಗ್ಲ್ಯಾ?”

ಅವನ ಮುಖ ನೋಡಿದರೆ, ಪ್ರಾಯ ಸಂದ ಇಬ್ಬರು ಮಾಡಬಾರದ್ದನ್ನು ಮಾಡಲು ಹೊರಟಿದ್ದಾರೆಂಬ ಕಳವಳ ಕಾಣುತ್ತಿತ್ತು.

ಅವನಿಗೆ ತಿಳಿಯದ ಸಂಗತಿ ಎಂದರೆ, ನನ್ನ ಗಾಡಿಯ ಮನೆತನ ಅವನ ಗಾಡಿಯ ಮನೆತನಕ್ಕಿಂತ ದೊಡ್ಡದು. 1958ರಲ್ಲಿ ಜಪಾನಿನ ಸೊಯಿಚಿರೊ ಹೋಂಡಾ ಮತ್ತು ಅವರ ಜೊತೆಗಾರ ತಾಕೆಯೊ ಫುಜಿಸಾವಾ ಸೂಪರ್ ಕಬ್ ಎಂಬ ಐವತ್ತು ಸಿಸಿಯ ಗಾಡಿ ಹೊರತಂದರು. ಸೋಬಾ ಶಾವಿಗೆಯ ಹೋಟೆಲಿನ ಹುಡುಗ ಒಂದು ಕೈಯಲ್ಲಿ ತಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ಓಡಿಸುವಂತಿರಬೇಕೆಂದು ಅದಕ್ಕೆ ಕೈ ಕ್ಲಚ್ಚನ್ನೇ ಇಡಲಿಲ್ಲ. (ನಮ್ಮ ಹುಡುಗರು ಕ್ಲಚ್ ಇರುವ ಗಾಡಿಯನ್ನೂ ಒಂದೇ ಕೈಯಲ್ಲಿ ಓಡಿಸುತ್ತಾರೆ. ಇನ್ನೊಂದು ಕೈಯಲ್ಲಿ ಶಾವಿಗೆ ಇರುವುದಿಲ್ಲ, ಮೊಬೈಲು ಇರುತ್ತದೆ.) 2017ರ ಹೊತ್ತಿಗೆ ಆ ಗಾಡಿ ಹತ್ತು ಕೋಟಿ ತಯಾರಾಗಿತ್ತು. ಇಂಜಿನ್ ಹೊತ್ತ ಬೇರಾವ ವಾಹನವೂ ಜಗತ್ತಿನಲ್ಲಿ ಆ ಲೆಕ್ಕ ಮುಟ್ಟಿರಲಿಲ್ಲ. ಅದರ ಅಡ್ಡ ಮಲಗಿದ ಸಿಲಿಂಡರಿನ ಇಂಜಿನ್ನೇ ಬೆಳೆದು 97.2 ಸಿಸಿಯಾಗಿ 1985ರಲ್ಲಿ ಹೀರೋ ಹೋಂಡಾ ಸಿಡಿ 100 ಎಂಬ ಹೆಸರಿನಿಂದ ನಮ್ಮ ದೇಶಕ್ಕೆ ಬಂತು. 1994ರಲ್ಲಿ ಸ್ಪ್ಲೆಂಡರ್ ಆಗಿ ನಮ್ಮಂಥ ಮಾಸ್ತರರ ಮನೆ ಹೊಕ್ಕಿತು. ಎಂಟು ಅಶ್ವಶಕ್ತಿ ಎಂದು ಲೆಕ್ಕ. ವಯಸ್ಸಾದದ್ದರಿಂದ ನನ್ನ ಗಾಡಿಯಲ್ಲಿ ಒಂದು ಕುದುರೆ ಕೊಟ್ಟಿಗೆಯಲ್ಲೇ ಉಳಿದಿದ್ದರೂ ಇರಬಹುದು. ಉಳಿದವು ಎಳೆಯುತ್ತಿವೆ.

ಅದಕ್ಕೂ ಮೊದಲು ನಮ್ಮ ಕಡೆ ಮೋಟಾರ್‌ಸೈಕಲ್ಲಿಗೆಲ್ಲ ಫಟಫಟಿ ಎಂದೇ ಹೆಸರು. 1972ರಲ್ಲಿ ಲೂನಾ ಬಂತು, ಪೆಡಲಿನ ಸಮೇತ. ಏರು ಬಂದಾಗ ಲೂನಾ ತನ್ನ ಪಾಲಿನ ಕೆಲಸ ಮುಗಿಯಿತೆಂದು ಸುಮ್ಮನಾಗುತ್ತಿತ್ತು, ಮುಂದಿನದು ಸವಾರನ ಕಾಲಿಗೆ ಬಿಟ್ಟದ್ದು. 1980ರಲ್ಲಿ ಇಬ್ಬರು ಕೂರುವ ಟಿವಿಎಸ್ 50 ಬಂದಾಗ ಇಬ್ಬರು ಎಂಬುದನ್ನು ನಮ್ಮವರು ಸಲಹೆ ಎಂದಷ್ಟೇ ತಿಳಿದರು. ಅದರ ಮೊಮ್ಮಗನಾದ ಎಕ್ಸೆಲ್ ಮೇಲೆ ಇಂದಿಗೂ ಎರಡು ಚೀಲ ಹತ್ತಿಕಾಳು, ಒಂದು ಹೋತ, ಹೋತದ ಮಾಲೀಕ ಒಟ್ಟಿಗೆ ಸಂತೆಗೆ ಹೋಗುತ್ತಾರೆ.

ಎರಿ ಮಣ್ಣಿನ ವಿಷಯ ಬಿಡುವಂತಿಲ್ಲ. ನಮ್ಮದು ಅಪ್ಪಟ ಎರಿ ನೆಲ. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಕಾಲು ಬಿಡುವುದೇ ಇಲ್ಲ. ಒಂದು ಹದ ಮಳೆಯಾದ ಮೇಲೆ ಹೊಲದ ದಾರಿಗೆ ಗಾಡಿ ಇಳಿಸಿದರೆ ಮಣ್ಣು ಗಾಲಿಗೆ ಸುತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಗಾಲಿ ತಿರುಗುವುದೇ ನಿಂತುಬಿಡುತ್ತದೆ. ತಿಳಿದವರು ಮುಂಗಾರಿನಲ್ಲಿ ಮುಂದಿನ ಮಡ್‌ಗಾರ್ಡನ್ನೇ ಬಿಚ್ಚಿ ಅಟ್ಟಕ್ಕೆ ಹಾಕುತ್ತಾರೆ. ತಿಳಿಯದವರು ಒಂದು ಕಟಿಗಿ ಇಟ್ಟುಕೊಂಡು ಮಾರಿಗೊಮ್ಮೆ ಇಳಿದು ಕೆದರುತ್ತಾರೆ. ಅಣ್ಣನ ಮಗ ತನ್ನ ಗಾಡಿ ಯಾವ ದಾರಿಗೂ ಹೇಳಿ ಮಾಡಿಸಿದ್ದೆಂದು ಹೊಲ ನೋಡಲು ಹೋದ. ಹಿಮಾಲಯ ಹತ್ತಿದ ಗಾಡಿ ನಮ್ಮ ಬದುವಿನ ಪಕ್ಕ ಕೂತುಬಿಟ್ಟಿತು. ಇನ್ನೂರು ಕಿಲೋ ತೂಕ. ಎತ್ತಲು ನಾಲ್ವರು ಬಂದರು, ಸಾಲಲಿಲ್ಲ. ಕೊನೆಗೆ ಟ್ರ್ಯಾಕ್ಟರ್ ಬಂತು. ನನ್ನ ಗಾಡಿ ಸಿಕ್ಕಿಕೊಂಡಿದ್ದರೆ ಇಬ್ಬರು ಎತ್ತಿ ಬದುವಿನಾಚೆ ಇಟ್ಟು, ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಿದ್ದರು. ದೂರದ ದಾರಿಗೆ ಸಣ್ಣ ಗಾಡಿ ಯಾಕೆ ಎಂಬುದಕ್ಕೆ ನಾನು ಕೊಡುವ ಮೊದಲ ಕಾರಣ ಇದೇ. ಕೆಟ್ಟಾಗ ನಾವೇ ಅದನ್ನು ಹೊರಬಹುದು.

ಹಿಂಗಾರಿ ಬಿತ್ತಿಗೆ ಮುಗಿದು, ಕಡಲೆ ಎರಡೆಲೆ ಒಡೆದ ಮೇಲೆ ಹೊರಟೆವು. ನಮ್ಮ ತಯಾರಿ ಹೇಳುತ್ತೇನೆ. ಖಡಕ್ ರೊಟ್ಟಿ ಒಂದು ಗಂಟು, ಶೇಂಗಾ ಹಿಂಡಿ, ಅಗಸಿ ಹಿಂಡಿ, ಒಂದು ಡಬ್ಬಿ ಕೆಂಪು ಖಾರ. ಒಂದು ಹೆಚ್ಚಿನ ಟ್ಯೂಬು. ಸೀಟಿನ ಮೇಲೆ ನಾಲ್ಕು ಮಡಿಕೆ ಹಾಕಿ ಹಗ್ಗದಿಂದ ಬಿಗಿದ ಕೌದಿ. ಈ ಕೌದಿ ನನ್ನ ಹೆಂಡತಿಯ ಶೋಧ. ಗಾಡಿ ತಯಾರಿಸುವವರು ಇಂಜಿನ್ನಿಗೆ ಎಷ್ಟು ಬುದ್ಧಿ ಖರ್ಚು ಮಾಡಿದ್ದಾರೋ ಅದರ ಕಾಲುಭಾಗವನ್ನು ಸೀಟಿಗೆ ಮಾಡಿದ್ದರೆ ಮನುಕುಲಕ್ಕೆ ಉಪಕಾರವಾಗುತ್ತಿತ್ತು ಎಂಬುದು ಅವಳ ಅಭಿಪ್ರಾಯ. ಹಳೆಯ ಸೀರೆ, ಧೋತರಗಳ ತುಂಡು ಪದರ ಪದರವಾಗಿ ಹೊಲಿದ ಅದರ ಮೇಲೆ ಕುಳಿತರೆ ಅತ್ತೆ, ಅಜ್ಜಿ, ದೊಡ್ಡವ್ವ ಎಲ್ಲರೂ ಕೂಡಿ ಎತ್ತಿ ಹಿಡಿದಿರುತ್ತಾರೆ.

ವೇಗ ನಲವತ್ತೈದು. ಐವತ್ತು ದಾಟಿದರೆ ಹಿಂದಿನಿಂದ ಬೆನ್ನು ತಟ್ಟುತ್ತಾಳೆ, ಮೆಚ್ಚಿಕೊಂಡು ಅಲ್ಲ. ಧಾರವಾಡ ದಾಟಿ ಕಲಘಟಗಿಯ ದಾರಿ ಹಿಡಿದರೆ ಈ ವೇಗದ ಬೆಲೆ ಗೊತ್ತಾಗುತ್ತದೆ. ಎರಿ ಎಲ್ಲಿ ಮುಗಿದು ಕೆಂಪು ಮಣ್ಣು ಎಲ್ಲಿ ಶುರುವಾಯಿತು, ಯಾವ ಊರಿನಿಂದ ಜೋಳ ಕಡಿಮೆಯಾಗಿ ಭತ್ತ ಬಂತು, ಹುಲ್ಲಿನ ಬಣವೆಯ ಆಕಾರ ಎಲ್ಲಿ ಬದಲಾಯಿತು ಎಂಬುದನ್ನೆಲ್ಲ ನೋಡಿ, ಅದರ ಬಗ್ಗೆ ಒಂದು ಸಣ್ಣ ಜಗಳ ಮಾಡಿ ಮುಗಿಸುವಷ್ಟು ಸಮಯ ಇರುತ್ತದೆ. ಕಲಘಟಗಿ ಬಣ್ಣದ ತೊಟ್ಟಿಲಿಗೆ ಹೆಸರಾದ ಊರು. ಅಲ್ಲಿಂದ ಒಬ್ಬ ತೊಟ್ಟಿಲನ್ನು ಎಕ್ಸೆಲ್ಲಿನ ಹಿಂದೆ ಕಟ್ಟಿಕೊಂಡು ಎದುರಿಗೆ ಬಂದ. ಹಾಕಿಕೊಳ್ಳಬೇಕಾದ ಹೆಲ್ಮೆಟ್ಟು ತೊಟ್ಟಿಲೊಳಗೆ ಮಲಗಿತ್ತು. ಕಾರಿನಲ್ಲಿದ್ದರೆ ಇದು ಕಣ್ಣಿಗೆ ಬೀಳುತ್ತಿರಲಿಲ್ಲ. ಬಿದ್ದರೂ “ಗಂಡೋ ಹೆಣ್ಣೋ?” ಎಂದು ನನ್ನ ಹೆಂಡತಿ ಕೂಗಿ ಕೇಳಲು, ಅವನು ತಿರುಗಿ “ಇನ್ನಾ ಆಗಬೇಕ್ರೀ!” ಎನ್ನಲು ಆಗುತ್ತಿರಲಿಲ್ಲ.

ಯಲ್ಲಾಪುರದಲ್ಲಿ ಚಹಾಕ್ಕೆ ನಿಂತೆವು. ಅಂಗಡಿಯವರು ಗಾಡಿ ನೋಡಿ “ಕಲಘಟಗಿಯಿಂದ ಬಂದ್ರಾ?” ಎಂದರು. ಹೂಂ ಎಂದೆ, ಸುಳ್ಳೇನಲ್ಲವಲ್ಲ. ಅರಬೈಲ್ ಘಟ್ಟ ಇಳಿದು ಅಂಕೋಲೆಯಲ್ಲಿ ಎಳನೀರು ಕುಡಿಯುವಾಗ “ಯಲ್ಲಾಪುರದವರಾ?” ಎಂಬ ಪ್ರಶ್ನೆ. ಕುಮಟೆಯಲ್ಲಿ ನಾವು ಅಂಕೋಲೆಯವರು. ಹೊನ್ನಾವರದಲ್ಲಿ ಕುಮಟೆಯವರು. ನಂಬರ್ ಪ್ಲೇಟಿನ ಮೇಲೆ ಕೆಎ 25 ಎಂದು ಧಾರವಾಡ ಎದ್ದು ಕಾಣುತ್ತಿತ್ತು. ಯಾರೂ ಅದನ್ನು ಓದಲಿಲ್ಲ. ಸಣ್ಣ ಗಾಡಿಯ ಮೇಲೆ ಬಂದವನು ಹಿಂದಿನ ತಾಲೂಕಿಗಿಂತ ದೂರದವನಾಗಿರಲಾರ ಎಂದು ಜಗತ್ತು ಒಮ್ಮತದಿಂದ ತೀರ್ಮಾನಿಸಿದೆ. ಹೀಗೆ ನಾವು ತಾಲೂಕಿಗೊಮ್ಮೆ ಊರು ಬದಲಿಸುತ್ತ, ಎಲ್ಲಿ ಹೋದರೂ ನೆರೆಯವರಾಗಿಯೇ ಉಳಿದೆವು.

ಇದೇ ಸಣ್ಣ ಗಾಡಿಯ ಆಕರ್ಷಣೆಯ ಗುಟ್ಟು ಎಂದು ನನಗನಿಸಿದೆ. ಅಣ್ಣನ ಮಗ ಎಲ್ಲಿ ನಿಂತರೂ ಜನ ಬಂದು ಗಾಡಿಯ ಬೆಲೆ ಕೇಳುತ್ತಾರೆ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಹೋಗುತ್ತಾರೆ. ಅವನಿಗೆ ಯಾರೂ “ಮುಂದ ರಸ್ತೆ ಅಗದಾರ, ಎಡಕ ಹೋಗ್ರಿ” ಎಂದು ಹೇಳುವುದಿಲ್ಲ. ಹೇಳಿಯೂ ಉಪಯೋಗವಿಲ್ಲ, ಕಿವಿಯೊಳಗೆ ಅವನದೇ ಬೇರೆ ಹೆಂಗಸು ಇಂಗ್ಲಿಷಿನಲ್ಲಿ ದಾರಿ ಹೇಳುತ್ತಿರುತ್ತಾಳೆ. ನಮಗಾದರೋ ಕೇಳದೆಯೇ ಎಲ್ಲ ಸಿಗುತ್ತದೆ. ಯಾವ ತಿರುವಿನಲ್ಲಿ ಪೊಲೀಸರಿದ್ದಾರೆ, ಯಾವ ಹೋಟೆಲಿನ ಸಾಂಬಾರು ಬೆಳಗಿನದು, ಯಾವ ಪಂಚರ್ ಅಂಗಡಿಯವನು ಇಂದು ತಂಗಿಯ ಮದುವೆಗೆ ಹೋಗಿದ್ದಾನೆ ಎಂಬುದೆಲ್ಲ.

ಮರವಂತೆಯಲ್ಲಿ, ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ಹೊಳೆ ಇರುವ ಆ ಪ್ರಸಿದ್ಧ ರಸ್ತೆಯ ಬದಿಗೆ ಗಾಡಿ ನಿಲ್ಲಿಸಿ ರೊಟ್ಟಿ ಬಿಚ್ಚಿದೆವು. ಒಬ್ಬ ವಯಸ್ಸಾದವರು ಬಂದು ನಿಂತರು. ಗಾಡಿ ನೋಡಿದರು, ಕೌದಿ ನೋಡಿದರು, ರೊಟ್ಟಿ ನೋಡಿದರು. ನಾವು ಮಾತಾಡುವುದನ್ನು ಎರಡು ನಿಮಿಷ ಕೇಳಿದರು. ಇಲ್ಲಿ ನಮ್ಮ ತಾಲೂಕಿನ ಆಟ ಕೆಟ್ಟಿತು. ಬಾಯಿ ತೆರೆದ ಮೇಲೆ ಉಪ್ಪಿನಬೆಟಗೇರಿಯವರು ಬೈಂದೂರಿನವರಾಗಲು ಸಾಧ್ಯವಿಲ್ಲ.

“ಕೆಲ್ಸಕ್ಕೆ ಬಂದದ್ದಾ?” ಎಂದರು ಕನಿಕರದಿಂದ. “ಸೆಂಟ್ರಿಂಗಾ? ಗಾರೆಯಾ?”

ಹೆಂಡತಿಗೆ ರೇಗಿತು. “ಇವರು ಮಾಸ್ತರ್ ಅದಾರ್ರಿ!”

“ಹೌದಾ, ಮೇಸ್ತ್ರಿಯಾ! ಮೊದ್ಲೇ ಹೇಳ್ಬಾರ್ದಾ? ಜನ ಎಷ್ಟುಂಟು ನಿಮ್ಮತ್ರ?” ಎಂದು ಅವರು ಕೂತೇಬಿಟ್ಟರು. ಮನೆ ಹಿಂದೆ ಆವರಣ ಗೋಡೆ ಕಟ್ಟಿಸುವುದಿತ್ತಂತೆ. ಎರಡು ಖಾಲಿ ಕೋಣೆಯೂ ಇತ್ತು, ನೀರಿಗೆ ತೊಂದರೆಯಿಲ್ಲ. ನಾನು ಆ ಗೋಡೆಯ ಉದ್ದ, ಎತ್ತರ, ಕೆಂಪುಕಲ್ಲಿನ ದರದ ಬಗ್ಗೆ ಗಂಭೀರವಾಗಿ ಮಾತಾಡಿದೆ. ಶಾಲೆಗೆ ಕೋಣೆ ಕಟ್ಟಿಸುವಾಗ ಕಲಿತದ್ದು ಉಪಯೋಗಕ್ಕೆ ಬಂತು. ನನ್ನ ಅಂದಾಜು ಅವರಿಗೆ ಹಿಡಿಸಿತು. ಹೆಂಡತಿ ಮಾತ್ರ ಉಡುಪಿ ಮುಟ್ಟುವವರೆಗೆ ಮಾತಾಡಲಿಲ್ಲ, ನಡುವೆ ಒಮ್ಮೆ “ಗೋಡಿ ಕಟ್ಟಾಕ ಯಾವಾಗ ಬರ್ತೀರಿ?” ಎಂದದ್ದು ಬಿಟ್ಟರೆ.

ಆ ಹಿರಿಯರ ಊಹೆಯಲ್ಲಿ ತಪ್ಪೇನಿರಲಿಲ್ಲ. ಉಡುಪಿಯ ಹತ್ತಿರ ಪೆಟ್ರೋಲ್ ಬಂಕಿನಲ್ಲಿ ರೋಣ ತಾಲೂಕಿನ ಒಂದು ಕುಟುಂಬ ಸಿಕ್ಕಿತು. ನೂರು ಸಿಸಿ ಗಾಡಿ, ಗಂಡ, ಹೆಂಡತಿ, ನಡುವೆ ನಿದ್ದೆಹೋದ ಮಗು, ಟ್ಯಾಂಕಿನ ಮೇಲೆ ಜೋಳದ ಹಿಟ್ಟಿನ ಚೀಲ, ಹಿಂದೆ ರೊಟ್ಟಿಯ ಹಂಚು. ಮಂಗಳೂರಿನ ಕಟ್ಟಡ ಕೆಲಸಕ್ಕೆ ಮರಳುತ್ತಿದ್ದರು. ಬೆಳಗಿನ ಜಾವಕ್ಕೆ ಬಿಟ್ಟಿದ್ದಂತೆ. ವರ್ಷಕ್ಕೆ ಎಷ್ಟೋ ಸಲ, ಹಬ್ಬಕ್ಕೆ, ಬಿತ್ತಿಗೆಗೆ, ರಾಶಿಗೆ, ತೀರಿಕೊಂಡವರ ಮಣ್ಣಿಗೆ ಹೀಗೆಯೇ ಬಂದು ಹೋಗುತ್ತಾರೆ. ದಣಿವಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ ಆತ “ಗಾಡಿ ಮ್ಯಾಲೆ ಕುಂತಿರ್ತೀವಲ್ರೀ ಸರ, ಎಂಥಾ ದಣಿವು?” ಎಂದ. ನಮ್ಮ ರಸ್ತೆಗಳ ನಿಜವಾದ ದೂರಪಯಣಿಗರು ಇವರು. ಕೂದಲು ಕೊಂಡು ಸ್ಟೀಲ್ ಪಾತ್ರೆ ಕೊಡುವವರು, ಪ್ಲಾಸ್ಟಿಕ್ ಕೊಡಗಳ ಗುಡ್ಡವನ್ನೇ ಹೊತ್ತು ಹೋಗುವವರು, ಚಳಿಗಾಲದಲ್ಲಿ ಚಾದರ ಮಾರುವವರು ಎಲ್ಲರೂ ಈ ಪೈಕಿ. ಇವರ ಮೊಣಕಾಲಿಗೆ ಕವಚವಿಲ್ಲ, ಇವರ ಪ್ರವಾಸಕ್ಕೆ ವಿಡಿಯೊ ಇಲ್ಲ. ನಾವು ಒಂದು ಸಲ ಉಡುಪಿಗೆ ಹೋಗಿ ಬಂದು ಪ್ರಬಂಧ ಬರೆಯುತ್ತೇವೆ.

ಹೀಗೆ ದೂರ ಹೋದವರಲ್ಲಿ ದೊಡ್ಡ ಹೆಸರುಗಳೂ ಇವೆ. ನಥಾನ್ ಮಿಲ್‌ವರ್ಡ್ ಎಂಬ ಇಂಗ್ಲೆಂಡಿನ ತರುಣ 2009ರಲ್ಲಿ ಆಸ್ಟ್ರೇಲಿಯಾದ ಅಂಚೆಯವರು ಪತ್ರ ಹಂಚುವ 105 ಸಿಸಿ ಗಾಡಿ ಹಿಡಿದು ಸಿಡ್ನಿಯಿಂದ ಲಂಡನ್ನಿಗೆ ಹೋದ. ಅತ್ತ 1952ರಲ್ಲಿ ಚೆ ಗೆವಾರ ಗೆಳೆಯನೊಂದಿಗೆ 500 ಸಿಸಿಯ ದೊಡ್ಡ ಗಾಡಿಯಲ್ಲಿ ದಕ್ಷಿಣ ಅಮೆರಿಕ ಸುತ್ತಲು ಹೊರಟವರು ಚಿಲಿ ದೇಶದಲ್ಲೇ ಅದನ್ನು ಕಳೆದುಕೊಂಡು ಉಳಿದ ದಾರಿಯನ್ನು ಲಾರಿ, ದೋಣಿ ಹತ್ತಿ ಮುಗಿಸಿದರು. ಅವರು ಸಣ್ಣ ಗಾಡಿ ಒಯ್ದಿದ್ದರೆ ಕ್ರಾಂತಿಗೆ ಏನಾಗುತ್ತಿತ್ತೋ ಹೇಳಲಾರೆ.

ಆದರೆ ನನ್ನ ಲೆಕ್ಕದಲ್ಲಿ ಎಲ್ಲರಿಗೂ ಮಿಗಿಲು ನಮ್ಮ ಮೈಸೂರಿನ ಡಿ. ಕೃಷ್ಣಕುಮಾರ್. ಗಾಡಿ ಮೋಟಾರ್‌ಸೈಕಲ್ ಅಲ್ಲ, ತಂದೆ ಕೊಡಿಸಿದ ಹಳೆಯ ಬಜಾಜ್ ಚೇತಕ್ ಸ್ಕೂಟರ್. ಮನೆಗೆಲಸದಲ್ಲೇ ಜೀವನ ಸವೆಸಿದ ತಾಯಿ ಚೂಡಾರತ್ನ ಹತ್ತಿರದ ಬೇಲೂರನ್ನು ಸಹ ನೋಡಿಲ್ಲವೆಂದು ತಿಳಿದದ್ದೇ, ಇವರು ನೌಕರಿ ಬಿಟ್ಟು 2018ರ ಜನವರಿಯಲ್ಲಿ ಅವರನ್ನು ಹಿಂದೆ ಕೂರಿಸಿಕೊಂಡು ಹೊರಟರು. ಭಾರತವಲ್ಲದೆ ನೇಪಾಳ, ಭೂತಾನ್, ಮ್ಯಾನ್ಮಾರ್ ಸುತ್ತಿ 2020ರ ಸೆಪ್ಟೆಂಬರಿನಲ್ಲಿ ಮನೆಗೆ ಮರಳುವ ಹೊತ್ತಿಗೆ ಐವತ್ತು ಸಾವಿರ ಕಿಲೋಮೀಟರಿಗೂ ಹೆಚ್ಚು ಆಗಿತ್ತು. ನಡುವೆ ಆನಂದ್ ಮಹೀಂದ್ರ ಇವರ ವಿಷಯ ಕೇಳಿ ಕಾರನ್ನೇ ಕೊಡುಗೆ ಕೊಟ್ಟರು. ಈ ಸುದ್ದಿ ಪತ್ರಿಕೆಯಲ್ಲಿ ಬಂದಾಗ ನನ್ನ ಹೆಂಡತಿ ಅದನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ನಮ್ಮ ಮಗನಿಗೆ ಕಾಣಲೆಂದು ಎಂಬುದು ನನ್ನ ಗುಮಾನಿ. ಅವನು ನೀರು ತೆಗೆದುಕೊಳ್ಳುವಾಗಲೆಲ್ಲ ಅದನ್ನು ಓದುತ್ತಾನೆ, ನೀರು ಕುಡಿಯುತ್ತಾನೆ, ಬಾಗಿಲು ಹಾಕುತ್ತಾನೆ.

ಸಣ್ಣ ಗಾಡಿಗೆ ಶತ್ರುಗಳಿಲ್ಲ ಎಂದಲ್ಲ. ಮೊದಲನೆಯದು ಗಾಳಿ. ಆಷಾಢದಲ್ಲಿ ನವಲಗುಂದದಿಂದ ಧಾರವಾಡದ ಕಡೆ ಬನ್ನಿ, ಮರವೊಂದೂ ಅಡ್ಡವಿಲ್ಲದ ಬಯಲಿನಲ್ಲಿ ಪಡುವಣ ಗಾಳಿ ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕುತ್ತದೆ. ಎಕ್ಸಲೇಟರ್ ಪೂರ್ತಿ ತಿರುವಿದರೂ ಮುಳ್ಳು ಮೂವತ್ತರಲ್ಲೇ ನಡುಗುತ್ತಿರುತ್ತದೆ, ಎಮ್ಮೆ ಮೇಯಿಸುವ ಹುಡುಗರು ಪಕ್ಕದಲ್ಲಿ ಓಡಿ ಬಂದು ಹುರಿದುಂಬಿಸುತ್ತಾರೆ. ಎರಡನೆಯದು ಸರಕಾರ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹಾದಿಯ ಮುಖ್ಯ ರಸ್ತೆಗೆ ನಮಗೆ ಪ್ರವೇಶವಿಲ್ಲ. ನಮ್ಮ ಜೊತೆಗೆ ಆಟೊ, ಟ್ರ್ಯಾಕ್ಟರುಗಳನ್ನೂ ಪಕ್ಕದ ರಸ್ತೆಗೆ ಇಳಿಸಿದ್ದಾರೆ. ಸುರಕ್ಷತೆಯ ದೃಷ್ಟಿಯಿಂದ ಸರಿಯೇ, ನಾನು ದೂರುವುದಿಲ್ಲ. ಚಹಾದಂಗಡಿಗಳೆಲ್ಲ ಪಕ್ಕದ ರಸ್ತೆಯಲ್ಲೇ ಇವೆ. ಮೂರನೆಯದು ತಂತ್ರಜ್ಞಾನ. 2020ರ ಏಪ್ರಿಲಿನಿಂದ ಬಿಎಸ್ 6 ನಿಯಮ ಬಂದು ಹೊಸ ಗಾಡಿಗಳಲ್ಲಿ ಕಾರ್ಬೊರೇಟರ್ ಹೋಗಿ ಸೆನ್ಸರ್‌ಗಳು ಬಂದಿವೆ. ಹೊಗೆ ಕಡಿಮೆಯಾಯಿತು, ಒಳ್ಳೆಯದು. ಆದರೆ ಜೆಟ್ ಬಿಚ್ಚಿ, ಬಾಯಿಂದ ಊದಿ, ಕಿಕ್ ಹೊಡೆದು “ಹೋಗ್ರಿನ್ನ” ಎನ್ನುತ್ತಿದ್ದ ಮಿಸ್ತ್ರಿಗೆ ಈಗ ಊದಲು ಏನೂ ಉಳಿದಿಲ್ಲ.

ಮರಳುವಾಗ ಅರಬೈಲ್ ಘಟ್ಟ ಹತ್ತಬೇಕಿತ್ತು. ಇಳಿಯುವಾಗ ಇಲ್ಲದ ತೂಕ ಹತ್ತುವಾಗ ಬಂದಿತ್ತು, ಉಡುಪಿಯಲ್ಲಿ ಕೊಂಡ ಹಪ್ಪಳ, ಉಪ್ಪಿನಕಾಯಿ ಭರಣಿ, ಎರಡು ತೆಂಗಿನಕಾಯಿ. ಎರಡನೇ ಗೇರ್. ನಮ್ಮ ಪಕ್ಕದಲ್ಲಿ ಭರ್ತಿ ಲೋಡಿನ ಒಂದು ಲಾರಿ, ಅದೂ ತನ್ನ ಎರಡನೆಯದರಲ್ಲಿ. ನಾವು ಅದನ್ನು ದಾಟಲಾರೆವು, ಅದು ನಮ್ಮನ್ನು ದಾಟಲಾರದು. ಸ್ವಲ್ಪ ಹೊತ್ತಿನಲ್ಲಿ ಕ್ಲೀನರ್ ಹುಡುಗ ಕಿಟಕಿಯಿಂದ ತಲೆ ಹೊರಹಾಕಿದ.

“ಅಜ್ಜಾರ, ಎಲ್ಲಿಮಟಾ?”

“ಉಪ್ಪಿನಬೆಟಗೇರಿ!”

“ಅಯ್ಯ, ನಮ್ಮ ಅವ್ವನ ತವರಮನಿ ಯಾದವಾಡರೀ!”

ಹಿಂದಿನಿಂದ ನನ್ನ ಹೆಂಡತಿ ಹೆಲ್ಮೆಟ್ಟಿನ ಗಾಜು ಮೇಲೆತ್ತಿದಳು. ಯಾರ ಮಗಳು, ಯಾವ ಓಣಿ, ಮನೆ ಮುಂದೆ ಬೇವಿನ ಮರ ಇರುವುದೋ ಇಲ್ಲದ್ದೋ ಎಂದು ವಿಚಾರಣೆ ಶುರುವಾಯಿತು. ತಿರುವಿಗೊಂದು ಸಂಬಂಧ ಬಿಚ್ಚಿಕೊಂಡಿತು. ಕೊನೆಯ ತಿರುವಿನ ಹೊತ್ತಿಗೆ ಹುಡುಗನ ಅವ್ವ ನಮ್ಮ ದೊಡ್ಡವ್ವನ ಸೊಸೆಗೆ ಯಾವುದೋ ಲೆಕ್ಕದಲ್ಲಿ ಅಕ್ಕನಾಗಬೇಕೆಂದು ಇತ್ಯರ್ಥವಾಯಿತು. ಲಾರಿಯ ಡ್ರೈವರು ತನ್ನನ್ನೂ ಕೇಳಲೆಂದು ಎರಡು ಸಲ ಹಾರ್ನ್ ಬಾರಿಸಿದ, ಆದರೆ ಅವನು ಶಿಗ್ಗಾವಿಯವನು, ಅವಳ ನಕಾಶೆಯ ಹೊರಗೆ. ಘಟ್ಟ ಮುಗಿದು ಸಪಾಟು ಬಂದಾಗ ಲಾರಿ ಮುಂದೆ ಹೋಯಿತು. ಹೋಗುವ ಮುಂಚೆ ಹುಡುಗ “ಕಾರ್ಯಕ್ಕ ಬರ್ರಿ!” ಎಂದು ಕೂಗಿದ. ಯಾರ ಕಾರ್ಯ, ಯಾವ ದಿನ ಎಂಬುದು ಕೇಳಿಸಲಿಲ್ಲ.

ಮುಂದಿನದು ಬೀದರ. ನಾನೂರು ಕಿಲೋಮೀಟರಿಗೂ ಹೆಚ್ಚು, ವಿಜಯಪುರ, ಸಿಂದಗಿ, ಜೇವರ್ಗಿ, ಕಲಬುರಗಿ, ಹುಮನಾಬಾದ್ ಮೇಲೆ ಹಾಯ್ದು. ಹೆಂಡತಿ ಒಪ್ಪಿದ್ದಾಳೆ, ಒಂದು ಷರತ್ತಿನ ಮೇಲೆ.

“ದಾರ್ಯಾಗ ಯಾರರೆ ಯಾವೂರು ಅಂತ ಕೇಳಿದ್ರ ಸುಮ್ಮನ ಹಿಂದಿನ ಊರಿನ ಹೆಸರು ಹೇಳಿಬಿಡ್ರಿ. ಉಪ್ಪಿನಬೆಟಗೇರಿ ಅಂದ್ರ ಇಷ್ಟ ದೂರದಿಂದ ಬಂದಾರಂತ ಕಾಲಿಗೆ ನೀರ ಕೊಟ್ಟು ಉಣ್ಣಾಕ ಕೂಡಸ್ತಾರ. ಮೊದಲ ನಮ್ಮ ಗಾಡಿ ನಲವತ್ತೈದರ ಮ್ಯಾಲ ಹೋಗೂದಿಲ್ಲ.”

“ಬೀದರದಾಗ ಕೇಳಿದ್ರ?”

“ಬೀದರದಾಗ ಖರೇ ಹೇಳ್ರಿ. ಅಲ್ಲಿ ಉಣ್ಣಾಕ ಹೊತ್ತು ಇರತೈತಿ.”